ಟನ್ ಲೆಕ್ಕವೋ, ಕಿಲೋಮೀಟರ್ ಲೆಕ್ಕವೋ?

ಕಾರವಾರದಿಂದ ಹುಬ್ಬಳ್ಳಿಗೆ ಸರಕು ಸಾಗಿಸಲು ಸ್ವಂತ ಲಾರಿಯನ್ನು ನಿಮ್ಮ ಟ್ರಾನ್ಸ್‌ಪೋರ್ಟಿಗೆ ಅಟ್ಯಾಚ್ ಮಾಡಿದವರಿಗೆ, ಅಂದರೆ ನಿಮ್ಮ ಕೆಲಸಕ್ಕೆ ಬಿಟ್ಟವರಿಗೆ, ಬಾಡಿಗೆ ಟನ್ ಲೆಕ್ಕದಲ್ಲಿ ಕೊಡಲಾ, ಕಿ.ಮೀ. ಲೆಕ್ಕದಲ್ಲಾ ಎಂದು ಕೇಳಿದ್ದೀರಿ. ಟನ್ ಲೆಕ್ಕ ಬೇಡ. ಓವರ್‌ಲೋಡ್ ಮಾಡಲು ನಾವೇ ಆಸೆ ತೋರಿಸಿದ ಹಾಗಾಗುತ್ತದೆ, ದಾರಿಯ ಅರಬೈಲ್ ಘಾಟಿಯಲ್ಲಿ ಅದರ ಕಷ್ಟ ಡ್ರೈವರ್‌ಗೆ ಮಾತ್ರ ಗೊತ್ತು. ಕಿ.ಮೀ. ರೇಟು ಹಾಕಿ, ಖಾಲಿ ವಾಪಸ್ ಬಂದರೆ ಅದಕ್ಕೂ ಇಷ್ಟು ಅಂತ ಬರೆದಿಡಿ.

ಡೀಸೆಲ್ ರೇಟಿನ ಏರಿಳಿತದ ಲೆಕ್ಕ ಬೇರೆಯೇ ಇರಲಿ. ಲೀಟರಿಗೆ 4 ಕಿ.ಮೀ. ಕೊಡುವ ಗಾಡಿಗೆ ಡೀಸೆಲ್ 4 ರೂಪಾಯಿ ಏರಿದರೆ ಕಿ.ಮೀ.ಗೆ 1 ರೂಪಾಯಿ ಖರ್ಚು ಜಾಸ್ತಿ. ಒಪ್ಪಂದದ ದಿನದ ಡೀಸೆಲ್ ರೇಟು ಬರೆದು, ಅದು ಏರಿದರೂ ಇಳಿದರೂ ಇದೇ ಲೆಕ್ಕದಲ್ಲಿ ಬಾಡಿಗೆ ಏರಿಸೋದು, ಇಳಿಸೋದು ಅಂದರೆ ಜಗಳವೇ ಇಲ್ಲ.

ಹಾಲ್ಟಿಂಗ್, ಅಂದರೆ ಲೋಡು-ಅನ್‌ಲೋಡಿಗೆ ಗಾಡಿ ಕಾದು ನಿಂತ ದಿನಗಳ ದುಡ್ಡು, ಮರೆಯಬೇಡಿ. ನಮ್ಮಣ್ಣನ ಲಾರಿ ಒಮ್ಮೆ ಗೋದಾಮಿನ ಎದುರು, ಮಳೆಯಲ್ಲಿ, ತಾಡಪಾಲು ಹೊದ್ದುಕೊಂಡು ಮೂರು ದಿನ ನಿಂತಿತ್ತು, ಒಂದು ಪೈಸೆ ಸಿಗಲಿಲ್ಲ, ಬ್ಯಾಂಕಿನ ಕಂತು ಮಾತ್ರ ಕಟ್ಟಲೇಬೇಕಾಯ್ತು. ಗಾಡಿ ಗೇಟಿಗೆ ಬಂದ ಸಮಯವನ್ನು ಚೀಟಿಯಲ್ಲೇ ಬರೆಸಿ ಸಹಿ ಹಾಕಿಸಿ. ಹೊರಡುವಾಗ ಡೀಸೆಲ್, ಟೋಲ್‌ಗೆ ಅಡ್ವಾನ್ಸ್ ಕೊಡಿ. ಬಾಕಿ ದುಡ್ಡಿಗೆ ತಾರೀಖು ಗೊತ್ತು ಮಾಡಿ. ಕಮಿಷನ್ ಎಷ್ಟು ಹಿಡಿದಿರಿ ಅನ್ನುವುದು ಬಿಲ್ಲಿನಲ್ಲೇ ಕಾಣಲಿ, ಅವರೂ ಲೆಕ್ಕ ನೋಡಬೇಕಲ್ವಾ?