ಸೆಕ್ ಎಕ್ಸ್‌ನ ಅನುಕಲನ: ಆ ಗುಣಕ ಎಲ್ಲಿಂದ ಬಂತು?

ಪ್ರಶ್ನೆ: ಸೆಕ್ ಎಕ್ಸ್‌ನ ಅನುಕಲನಕ್ಕೆ ಅಂಶ, ಛೇದ ಎರಡನ್ನೂ (ಸೆಕ್ ಎಕ್ಸ್ + ಟ್ಯಾನ್ ಎಕ್ಸ್)ನಿಂದ ಗುಣಿಸಿ, ಬಳಿಕ ಛೇದವನ್ನು ಟೀ ಎಂದು ಆದೇಶಿಸಬೇಕೆಂದು ಕಲಿಸಿದ್ದಾರೆ. ಲೆಕ್ಕವೇನೋ ಸರಿಹೋಗುತ್ತದೆ, ಆದರೆ ಇದನ್ನು ಬಾಯಿಪಾಠ ಮಾಡದೆ ಬೇರೆ ದಾರಿಯಿಲ್ಲವೇ?
– ದ್ವಿತೀಯ ಪಿಯುಸಿ ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: ನಿಮ್ಮ ಅನುಮಾನ ನ್ಯಾಯವಾದದ್ದು. ಅದು ಉತ್ತರ ಮೊದಲೇ ಗೊತ್ತಿದ್ದವರಿಗೆ ಹೊಳೆಯುವ ಗುಣಕ. ಚರಿತ್ರೆಯಲ್ಲಿಯೂ ಇಲ್ಲಿ ಉತ್ತರವೇ ಮೊದಲು ಬಂದಿತು. ನಾವಿಕರ ಮರ್ಕೇಟರ್ ನಕ್ಷೆಯಲ್ಲಿ ಅಕ್ಷಾಂಶ ರೇಖೆಗಳ ನಡುವೆ ಎಷ್ಟೆಷ್ಟು ಅಂತರ ಬಿಡಬೇಕೆಂದು ತಿಳಿಯಲು ಇಂಗ್ಲೆಂಡಿನ ಎಡ್ವರ್ಡ್ ರೈಟ್ ಸೆಕೆಂಟ್ (ಸೆಕ್) ಬೆಲೆಗಳನ್ನು ಒಂದೊಂದಾಗಿ ಕೂಡುತ್ತ ಹೋಗಿ (ಸೆಕ್ ಎಕ್ಸ್‌ನ ಅನುಕಲನವೆಂದರೆ ಇಂಥ ಕೂಡಿಕೆಯೇ), 1599ರಲ್ಲಿ ಕೋಷ್ಟಕವೊಂದನ್ನು ಪ್ರಕಟಿಸಿದ. ಅದು ಟ್ಯಾಂಜೆಂಟ್‌ಗಳ ಲಾಗರಿತಮ್ ಕೋಷ್ಟಕಕ್ಕೆ ಹೊಂದುತ್ತದೆಯೆಂದು 1640ರ ದಶಕದಲ್ಲಿ ಹೆನ್ರಿ ಬಾಂಡ್ ಗಮನಿಸಿದ. ಅದಕ್ಕೆ ಗಣಿತದ ಸಾಧನೆ (ರುಜುವಾತು) ದೊರೆತದ್ದು 1668ರಲ್ಲಿ, ಜೇಮ್ಸ್ ಗ್ರೆಗರಿಯಿಂದ. ಅದಕ್ಕಿಂತ ಸುಲಭವಾಗಿ ಅರ್ಥವಾಗುವ ಸಾಧನೆಯನ್ನು ಐಸಾಕ್ ಬ್ಯಾರೋ 1670ರಲ್ಲಿ ಕೊಟ್ಟ.

ಬ್ಯಾರೋನ ದಾರಿಯನ್ನು ಇಂದಿನ ಸಂಕೇತಗಳಲ್ಲಿ ನೋಡೋಣ. ಸೆಕ್ ಎಕ್ಸ್ ಎಂದರೆ 1/ಕಾಸ್ ಎಕ್ಸ್. ಟೀ = ಸೈನ್ ಎಕ್ಸ್ ಎಂದು ಆದೇಶಿಸಬೇಕಾದರೆ ಅದರ ಅವಕಲನದಿಂದ ಬರುವ ಕಾಸ್ ಎಕ್ಸ್ ಅಂಶದಲ್ಲಿರಬೇಕು; ಇಲ್ಲಿ ಅದು ಛೇದದಲ್ಲಿದೆ. ಅಂಶ, ಛೇದ ಎರಡನ್ನೂ ಕಾಸ್ ಎಕ್ಸ್‌ನಿಂದಲೇ ಗುಣಿಸಿದರೆ ಅಂಶದಲ್ಲಿ ಬೇಕಾದದ್ದು ಸಿಕ್ಕಿತು, ಛೇದದಲ್ಲಿ ಕಾಸ್² ಎಕ್ಸ್, ಅಂದರೆ 1 − ಸೈನ್² ಎಕ್ಸ್ ಉಳಿಯಿತು. ಹೀಗೆ ಪ್ರಶ್ನೆ 1/(1 − ಟೀ²)ನ ಅನುಕಲನಕ್ಕೆ ಇಳಿಯುತ್ತದೆ. ಇದನ್ನು ಆಂಶಿಕ ಭಿನ್ನರಾಶಿಗಳಾಗಿ ಒಡೆದರೆ ½[1/(1 + ಟೀ) + 1/(1 − ಟೀ)]. ಎರಡನೆಯ ಪದದ ಅನುಕಲನ −ಲಾಗ್|1 − ಟೀ|. ಈ ಋಣ ಚಿಹ್ನೆಯನ್ನು ಬಿಟ್ಟು ಅಂಕ ಕಳೆದುಕೊಂಡ ಉತ್ತರಪತ್ರಿಕೆಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಒಟ್ಟು ಫಲ ½ ಲಾಗ್|(1 + ಟೀ)/(1 − ಟೀ)|.

ಈಗ ಲಾಗ್‌ನೊಳಗಿನ ಅಂಶ, ಛೇದಗಳನ್ನು 1 + ಸೈನ್ ಎಕ್ಸ್‌ನಿಂದ ಗುಣಿಸಿ ನೋಡಿ. ಮೇಲೆ (1 + ಸೈನ್ ಎಕ್ಸ್)², ಕೆಳಗೆ ಕಾಸ್² ಎಕ್ಸ್ ಬರುತ್ತವೆ. ಹೊರಗಿನ ಅರ್ಧವು ವರ್ಗಮೂಲವಾಗಿ ಒಳಗೆ ಸೇರಿದಾಗ ಲಾಗ್|(1 + ಸೈನ್ ಎಕ್ಸ್)/ಕಾಸ್ ಎಕ್ಸ್|, ಅಂದರೆ ಲಾಗ್|ಸೆಕ್ ಎಕ್ಸ್ + ಟ್ಯಾನ್ ಎಕ್ಸ್| ಆಗುತ್ತದೆ. ನಿಮ್ಮನ್ನು ಕಾಡಿದ ಗುಣಕ ಹುಟ್ಟಿದ್ದು ಇಲ್ಲಿ.

ಮಿತಿಗಳು ಕೊಟ್ಟಿದ್ದರೆ ಅವನ್ನೂ ಟೀಗೆ ಬದಲಿಸಿಕೊಳ್ಳಿ. ಎಕ್ಸ್ 0ಯಿಂದ ಪೈ/6ರವರೆಗೆ ಹೋದರೆ ಟೀ 0ಯಿಂದ ½ರವರೆಗೆ ಹೋಗುತ್ತದೆ, ಉತ್ತರ ½ ಲಾಗ್ 3. ಪಠ್ಯದ ಸೂತ್ರದಿಂದ ಬರುವ ಲಾಗ್ √3 ಕೂಡ ಅದೇ. ಕೊಸೆಕ್ ಎಕ್ಸ್‌ಗೆ ಟೀ = ಕಾಸ್ ಎಕ್ಸ್ ಎಂದು ಹಿಡಿದು ನೀವೇ ಮಾಡಿ ನೋಡಿ.