ಓವರ್‌ವಾಚ್ 2ರಲ್ಲಿ ಎದುರಾಳಿಗಳನ್ನು ಹೆಚ್ಚು ಹೊಡೆದರೂ ನಮ್ಮ ತಂಡ ಸೋಲುವುದೇಕೆ?

ತಂಡ ಕಟ್ಟಿ ಗುಂಡು ಹಾರಿಸುವ ಈ ವಿಡಿಯೊ ಗೇಮ್‌ನ ಮುಖ್ಯ ಪಂದ್ಯಗಳಲ್ಲಿ ಫಲಿತಾಂಶವನ್ನು ನಿರ್ಧರಿಸುವುದು ಹೊಡೆದುರುಳಿಸಿದವರ ಲೆಕ್ಕವಲ್ಲ, ತಂಡಕ್ಕೆ ಕೊಟ್ಟಿರುವ ಗುರಿ. ಎಸ್ಕಾರ್ಟ್ ಮಾದರಿಯಲ್ಲಿ ದಾಳಿಯ ತಂಡದವರು ಪಕ್ಕದಲ್ಲಿದ್ದರೆ ಮಾತ್ರ ಪೇಲೋಡ್ ವಾಹನ ಮುಂದೆ ಸಾಗುತ್ತದೆ. ರಕ್ಷಣೆಯ ತಂಡದ ಒಬ್ಬನೇ ಒಬ್ಬ ಹತ್ತಿರ ಬಂದರೂ ನಿಂತುಬಿಡುತ್ತದೆ. ಕಂಟ್ರೋಲ್‌ನಲ್ಲಿ ಒಂದು ಜಾಗವನ್ನು ಹಿಡಿದಿಟ್ಟುಕೊಂಡು ಹಿಡಿತದ ಲೆಕ್ಕ ಶೇ. 100 ತಲುಪಿಸಬೇಕು, ಹಾಗೆ ಎರಡು ಸುತ್ತು ಗೆಲ್ಲಬೇಕು. ಪುಶ್‌ನಲ್ಲಿ ರೋಬೋಟನ್ನು ಹೆಚ್ಚು ದೂರ ನಡೆಸಿದವರದೇ ಗೆಲುವು.

ನನ್ನ ಪ್ರಕಾರ ಸೋಲಿನ ದೊಡ್ಡ ಕಾರಣ ಗುರಿ ತಪ್ಪುವ ಗುಂಡುಗಳಲ್ಲ, ಒಬ್ಬೊಬ್ಬರಾಗಿ ನುಗ್ಗುವ ಚಾಳಿ. 2022ರಲ್ಲಿ ತಂಡದ ಬಲ ಆರರಿಂದ ಐದಕ್ಕೆ ಇಳಿದು, ಒಬ್ಬ ಟ್ಯಾಂಕ್ (ಮುಂದೆ ನಿಂತು ಪೆಟ್ಟು ತಡೆಯುವವ), ಇಬ್ಬರು ಡ್ಯಾಮೇಜ್ (ದಾಳಿಕಾರರು), ಇಬ್ಬರು ಸಪೋರ್ಟ್ (ತಂಡದವರನ್ನು ಗುಣಪಡಿಸುವವರು) ಎಂಬ ವಿಂಗಡಣೆ ಬಂದ ಮೇಲಂತೂ ಇಬ್ಬರು ಬಿದ್ದರೆ ಆ ಕಾದಾಟ ಬಹುತೇಕ ಕೈತಪ್ಪಿದಂತೆಯೇ. ಆಗ ಉಳಿದ ಮೂವರು ಹಿಂದೆ ಸರಿದು, ಬಿದ್ದವರು ಮರಳಿ ಬರುವತನಕ ಕಾದು, ಐವರೂ ಒಟ್ಟಿಗೆ ನುಗ್ಗುವುದು ಲೇಸು. ಸೋತ ಕಾದಾಟಕ್ಕೆ ಅಲ್ಟಿಮೇಟ್ (ನಿಧಾನವಾಗಿ ತುಂಬಿಬರುವ ವಿಶೇಷ ಶಕ್ತಿ) ಸುರಿಯಬೇಡಿ. ಓವರ್‌ಟೈಮ್ (ಮುಗಿಯುವ ಹೊತ್ತಿಗೂ ಗುರಿಗಾಗಿ ಕಾದಾಟ ನಡೆಯುತ್ತಿದ್ದರೆ ಸಿಗುವ ಹೆಚ್ಚುವರಿ ಅವಧಿ) ಮಾತ್ರ ಇದಕ್ಕೆ ಅಪವಾದ: ಆಗ ಕಾಯುತ್ತ ನಿಂತರೆ ಪಂದ್ಯವೇ ಮುಗಿದುಹೋಗುತ್ತದೆ, ಆದ್ದರಿಂದ ಯಾರಾದರೂ ಒಬ್ಬರು ಸಾಯುವ ಅಪಾಯವಿದ್ದರೂ ಗುರಿಯ ಜಾಗದೊಳಗೆ ಕಾಲಿಡಲೇಬೇಕು.