ಒಂದೇ ‘ಚಾರ್ಜ್’, ಸುದ್ದಿಗೊಂದು ಅರ್ಥ

ಪ್ರಶ್ನೆ: ನಾನು ಪತ್ರಿಕೋದ್ಯಮದ ವಿದ್ಯಾರ್ಥಿನಿ. ಇಂಗ್ಲಿಷ್ ಸುದ್ದಿಯಲ್ಲಿ ‘ಚಾರ್ಜ್ಡ್’ ಎಂದು ಬಂದರೆ ಕೆಲವರು ‘ಆರೋಪಪಟ್ಟಿ ಸಲ್ಲಿಕೆ’ ಎಂದು ಬರೆಯುತ್ತಾರೆ, ಕೆಲವರು ‘ಪ್ರಕರಣ ದಾಖಲು’ ಅನ್ನುತ್ತಾರೆ. ಯಾವುದು ಸರಿ?
– ಓದುಗರು, ಹಾಸನ

ಉತ್ತರ: ಎರಡೂ ಸರಿಯಿರಬಹುದು, ಎರಡೂ ತಪ್ಪಿರಬಹುದು. ಪದ ಕಂಡ ಕೂಡಲೇ ನಿಘಂಟಿಗೆ ಕೈ ಹಾಕಬೇಡಿ. ಯಾರು, ಯಾರ ಮೇಲೆ, ಯಾವ ದೇಶದಲ್ಲಿ ಅಂತ ಮೊದಲು ನೋಡಿ.

ನಮ್ಮಲ್ಲೇ ಒಂದು ಕ್ರಿಮಿನಲ್ ಪ್ರಕರಣದಲ್ಲಿ ಈ ಪದ ಎರಡು ಸಲ ಬರುತ್ತದೆ. ತನಿಖೆ ಮುಗಿಸಿ ಪೊಲೀಸರು ಕೋರ್ಟಿಗೆ ಕೊಡುವುದು ಚಾರ್ಜ್‌ಶೀಟ್, ಅಂದರೆ ಆರೋಪಪಟ್ಟಿ. ಸಾಕ್ಷ್ಯ ಸಿಗದಿದ್ದರೆ ಕರ್ನಾಟಕದ ಪೊಲೀಸರು ಪ್ರಕರಣ ಮುಗಿಸುವಂತೆ ಕೋರುವ ‘ಬಿ ರಿಪೋರ್ಟ್’ ಹಾಕುತ್ತಾರೆ. ಆರೋಪಪಟ್ಟಿ ಬಂದ ಮೇಲೆ ನ್ಯಾಯಾಧೀಶರು ದಾಖಲೆ ನೋಡಿ, ಎರಡೂ ಕಡೆಯವರ ಮಾತು ಕೇಳಿ, ಯಾವ ಯಾವ ಆರೋಪದ ಮೇಲೆ ವಿಚಾರಣೆ ನಡೆಯಬೇಕು ಎಂದು ತೀರ್ಮಾನಿಸುತ್ತಾರೆ. ಅದು ‘ಫ್ರೇಮಿಂಗ್ ಆಫ್ ಚಾರ್ಜಸ್’, ಅಂದರೆ ಆರೋಪ ನಿಗದಿ. ಹುರುಳಿಲ್ಲ ಅನ್ನಿಸಿದರೆ ಆ ಹಂತದಲ್ಲೇ ಆರೋಪಿಯನ್ನು ಕೈಬಿಡಬಹುದು. ಅದನ್ನು ‘ಖುಲಾಸೆ’ ಎಂದು ಬರೆಯಬೇಡಿ. ಖುಲಾಸೆ ವಿಚಾರಣೆ ಮುಗಿದ ಮೇಲಿನ ಮಾತು.

ಆರೋಪಪಟ್ಟಿ ಪೊಲೀಸರ ಅಭಿಪ್ರಾಯ ಅಷ್ಟೇ. ಆದರೂ ಅದು ಸಲ್ಲಿಕೆಯಾದ ದಿನವೇ ‘ಕೃತ್ಯ ಬಯಲು’ ಎಂದು ದಪ್ಪಕ್ಷರದ ಹೆಡ್ಡಿಂಗ್ ಬರುತ್ತದೆ, ಅಲ್ವಾ? ನನಗಂತೂ ಇದು ಸರಿ ಕಾಣುವುದಿಲ್ಲ. ಹಾಗಂತ ಸಲ್ಲಿಕೆ ಸಣ್ಣ ಸುದ್ದಿಯಲ್ಲ. ಆರೋಪಿ ಬಂಧನದಲ್ಲಿದ್ದಾಗ 60 ದಿನದೊಳಗೆ, ಗಂಭೀರ ಅಪರಾಧವಾದರೆ 90 ದಿನದೊಳಗೆ, ತನಿಖೆ ಮುಗಿಸಿ ಆರೋಪಪಟ್ಟಿ ಕೊಡದಿದ್ದರೆ ಆತನಿಗೆ ಜಾಮೀನು ಕೇಳುವ ಹಕ್ಕು ಬರುತ್ತದೆ. 2024ರ ಜುಲೈ 1ರಿಂದ ಜಾರಿಯಾದ ಹೊಸ ಕ್ರಿಮಿನಲ್ ಪ್ರಕ್ರಿಯಾ ಕಾನೂನು, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಈ ಗಡುವು ಉಳಿದಿದೆ. ಅದಕ್ಕೇ ವರದಿಗಾರರು ದಿನ ಎಣಿಸುತ್ತಾ ಕೂರುವುದು. ಇನ್ನು, ಅಕ್ರಮ ಹಣ ವರ್ಗಾವಣೆ ಪ್ರಕರಣದಲ್ಲಿ ಜಾರಿ ನಿರ್ದೇಶನಾಲಯ ಕೋರ್ಟಿಗೆ ಕೊಡುವುದು ಕಾನೂನಿನ ಪ್ರಕಾರ ‘ದೂರು’. ಪತ್ರಿಕೆಗಳು ಅದನ್ನೂ ಚಾರ್ಜ್‌ಶೀಟ್ ಅಂತಲೇ ಕರೆಯುತ್ತವೆ.

ಲಂಡನ್ನಿನ ಸುದ್ದಿಯಾದರೆ ಲೆಕ್ಕವೇ ಬೇರೆ. ಇಂಗ್ಲೆಂಡಿನಲ್ಲಿ ಬಂಧಿಸಿದವರನ್ನು ಆರೋಪ ಹೊರಿಸದೆ ಸಾಮಾನ್ಯವಾಗಿ 24 ಗಂಟೆ ಮಾತ್ರ ಇಟ್ಟುಕೊಳ್ಳಬಹುದು. ಗಂಭೀರ ಪ್ರಕರಣದಲ್ಲಿ ಮ್ಯಾಜಿಸ್ಟ್ರೇಟರ ಅನುಮತಿ ಪಡೆದು 96 ಗಂಟೆವರೆಗೆ ಎಳೆಯಬಹುದು. ಭಯೋತ್ಪಾದನೆಗೆ ಬೇರೆ ನಿಯಮ. ಅಷ್ಟರೊಳಗೆ ‘ಚಾರ್ಜ್’ ಮಾಡಬೇಕು, ಇಲ್ಲವೇ ಬಿಡಬೇಕು. ಅಮೆರಿಕದಲ್ಲಿ ಆರೋಪ ಹೊರಿಸುವುದು ಸಾಮಾನ್ಯವಾಗಿ ಪ್ರಾಸಿಕ್ಯೂಟರ್‌ಗಳ ಕೆಲಸ. ಅದೂ ಪ್ರಕರಣದ ಶುರುವಿನಲ್ಲೇ ಆಗಬಹುದು. ಎರಡೂ ಕಡೆ ‘ಆರೋಪ ಹೊರಿಸಲಾಗಿದೆ’ ಎಂದರೆ ಸಾಕು. ‘ಆರೋಪಪಟ್ಟಿ’ ಎಂದರೆ ನಮ್ಮ ಓದುಗರು ತಿಂಗಳುಗಟ್ಟಲೆ ತನಿಖೆ ನಡೆದು ಮುಗಿದಿದೆ ಎಂದುಕೊಳ್ಳುತ್ತಾರೆ.

ನಮ್ಮ ಇಂಗ್ಲಿಷ್ ಪತ್ರಿಕೆಗಳದ್ದು ಮತ್ತೊಂದು ತಲೆನೋವು. ಎಫ್ಐಆರ್ ಆದರೂ ಸಾಕು, ಕೆಲವೊಮ್ಮೆ ‘ಚಾರ್ಜ್ಡ್’ ಎಂದು ಬರೆದುಬಿಡುತ್ತಾರೆ. ಅಲ್ಲಿ ‘ಪ್ರಕರಣ ದಾಖಲು’ ಸರಿ. ಅನುಮಾನ ಬಂದರೆ ಠಾಣೆಗೋ ವಕೀಲರಿಗೋ ಒಂದು ಫೋನ್ ಮಾಡಿ.

ಲಾಠಿ ಚಾರ್ಜ್ ಅಂತೂ ಕನ್ನಡದ್ದೇ ಆಗಿಬಿಟ್ಟಿದೆ. ‘ಲಾಠಿ ಪ್ರಹಾರ’ ಎಂದೂ ಬರೆಯಬಹುದು. ಪೊಲೀಸರು ಹೇಳಿದರು ಅಂತ ಸುಮ್ನೆ ‘ಲಘು’ ಸೇರಿಸಬೇಡಿ. ಏಟು ತಿಂದವರನ್ನೂ ಕೇಳಿ.

ಪ್ರಶ್ನೆ: ಉಸ್ತುವಾರಿ ಸಚಿವರೂ ‘ಇನ್‌ಚಾರ್ಜ್’, ಪ್ರಭಾರ ಮುಖ್ಯಶಿಕ್ಷಕರೂ ‘ಇನ್‌ಚಾರ್ಜ್’. ವ್ಯತ್ಯಾಸ ಏನು?
– ಓದುಗರು, ಧಾರವಾಡ

ಉತ್ತರ: ಉಸ್ತುವಾರಿ ಎಂದರೆ ಮೇಲ್ವಿಚಾರಣೆ. ಸಚಿವರಿಗೆ ಜಿಲ್ಲೆಯನ್ನು ನೋಡಿಕೊಳ್ಳುವ ಜವಾಬ್ದಾರಿ ಕೊಟ್ಟಿರುತ್ತಾರೆ. ಪ್ರಭಾರ ಎಂದರೆ ಖಾಲಿ ಕುರ್ಚಿಯನ್ನು ತಾತ್ಕಾಲಿಕವಾಗಿ ನೋಡಿಕೊಳ್ಳುವುದು. ಕಾಯಂ ಮುಖ್ಯಶಿಕ್ಷಕರು ಬಂದ ದಿನ ಪ್ರಭಾರ ಮುಗಿಯಿತು. ‘ಟುಕ್ ಚಾರ್ಜ್’ ಎಂದಿದ್ದರೆ ಅದು ಇವೆರಡೂ ಅಲ್ಲ, ಅಧಿಕಾರ ಸ್ವೀಕಾರ.

ವಿದೇಶಾಂಗ ಸುದ್ದಿಯ ‘ಶಾರ್ಜೆ ದಫೇರ್’ ಈ ಪದಕ್ಕೆ ಫ್ರೆಂಚ್ ಕಡೆಯ ನೆಂಟ. ರಾಯಭಾರಿ ಇಲ್ಲದಾಗ ಕಚೇರಿ ನಡೆಸುವ ಅಧಿಕಾರಿ. 2019ರ ಆಗಸ್ಟ್‌ನಲ್ಲಿ ಪಾಕಿಸ್ತಾನ ನಮ್ಮ ಹೈಕಮಿಷನರ್ ಅವರನ್ನು ವಾಪಸ್ ಕಳಿಸಿದ ಮೇಲೆ ಇಸ್ಲಾಮಾಬಾದಿನ ನಮ್ಮ ಕಚೇರಿಯ ಹೊಣೆ ಬಿದ್ದಿದ್ದು ಇಂಥ ಅಧಿಕಾರಿಯ ಮೇಲೆಯೇ. ಕನ್ನಡದಲ್ಲಿ ‘ಪ್ರಭಾರ ರಾಯಭಾರಿ’ ಎಂದು ಬರೆದರೆ ಎಲ್ಲರಿಗೂ ತಿಳಿಯುತ್ತದೆ.